ಪಾರಿವಾಳದವನ ಸಾಕ್ಷಿ

ಹಯ್ ಸುಲ್ಲಮ್‌ನಲ್ಲಿ ಮಿಲ್ಹೆಮ್ ಯಾರೆಂದು ಗೊತ್ತಿಲ್ಲದವರು ಇರಲಿಲ್ಲ. ಬೈರುತ್‌ನ ದಕ್ಷಿಣದ ತುದಿಯಲ್ಲಿ, ವಿಮಾನ ನಿಲ್ದಾಣದ ಬೇಲಿಗೆ ಅಂಟಿಕೊಂಡಂತಿದ್ದ ಆ ಬಡಾವಣೆಯಲ್ಲಿ ಅವನದೊಂದು ವೆಲ್ಡಿಂಗ್ ಶೆಡ್ಡಿತ್ತು. ನಮ್ಮ ಕಡೆ ಓಡಾಡುವ ಬಸ್ಸುಗಳಲ್ಲಿ ಅರ್ಧಕ್ಕರ್ಧ ಅವನ ಕೈಯಲ್ಲೇ ಮೈ ಕಟ್ಟಿಸಿಕೊಂಡವು. ದೇಶದೊಳಗೆ ಯುದ್ಧ ಶುರುವಾಗಿ ಎಂಟು ವರ್ಷ ಆಗಿತ್ತಲ್ಲ, ಆ ಎಂಟು ವರ್ಷದಲ್ಲಿ ಗುಂಡಿನ ತೂತು ಬಿದ್ದ ತಗಡನ್ನು ಮುಚ್ಚೀ ಮುಚ್ಚೀ ಅವನ ಕೈ ಎಷ್ಟು ಪಳಗಿತ್ತೆಂದರೆ, ಬಣ್ಣ ಹೊಡೆದ ಮೇಲೆ ತೂತು ಎಲ್ಲಿತ್ತೆಂದು ಡ್ರೈವರಿಗೇ ತಿಳಿಯುತ್ತಿರಲಿಲ್ಲ. ಹದಿನಾಲ್ಕನೇ ವಯಸ್ಸಿಗೆ ದಕ್ಷಿಣದ ಹಳ್ಳಿಯಿಂದ, ಅಪ್ಪನ ತಂಬಾಕಿನ ಹೊಲ ಬಿಟ್ಟು ಬಂದವನು. ಈಗ ನಲವತ್ತೇಳು. ಕಣ್ಣು ಯಾವಾಗಲೂ ಕೆಂಪು, ಮೂಗಿನ ತುದಿಯಲ್ಲಿ ಸಿಟ್ಟು. ಮರಳಿನ ಮೇಲೆ ಸಿಮೆಂಟು ಇಟ್ಟಿಗೆ ಪೇರಿಸಿ ತಾನೇ ಎರಡಂತಸ್ತು ಕಟ್ಟಿಕೊಂಡಿದ್ದ. ಕೆಳಗೆ ಅವನೂ ಹೆಂಡತಿ ಸುಕೈನಾಳೂ, ಮೇಲೆ ತಾರಸಿಯಲ್ಲಿ ಅರವತ್ತು ಪಾರಿವಾಳ.

ಹೌದು, ಅವನು ಪಾರಿವಾಳದವನು. ಅಲ್ಲೇ ಇರುವುದು ಗೋಳು.

ಪಾರಿವಾಳ ಹಾರಿಸುವವನ ಮಾತನ್ನು ನಮ್ಮಲ್ಲಿ ಯಾರೂ ನಂಬುವುದಿಲ್ಲ. ಯಾಕೆಂದರೆ ಅವನ ಆಟವೇ ಹಾಗೆ. ಒಬ್ಬ ತನ್ನ ಹಿಂಡನ್ನು ಹಾರಿಸುತ್ತಾನೆ, ಪಕ್ಕದವನು ತನ್ನದನ್ನು ಹಾರಿಸುತ್ತಾನೆ, ಎರಡೂ ಆಕಾಶದಲ್ಲಿ ಬೆರೆಯುತ್ತವೆ. ಇಳಿಯುವಾಗ ದಾರಿ ತಪ್ಪಿದ ಒಂದೋ ಎರಡೋ ಹಕ್ಕಿ ಪಕ್ಕದವನ ತಾರಸಿಗೆ ಇಳಿದರೆ ಅವನು ಹಿಡಿದು ಬುಟ್ಟಿಯ ಕೆಳಗೆ ಹಾಕುತ್ತಾನೆ. ಕಳೆದುಕೊಂಡವನು ಬಂದು ಕೇಳಿದರೆ ದೇವರಾಣೆ ನಾನು ನೋಡಿಲ್ಲ ಅನ್ನುತ್ತಾನೆ. ದಿನಕ್ಕೆ ಎರಡು ಸುಳ್ಳು ಆಣೆ ಹಾಕುವವನ ಸಾಕ್ಷಿಗೆ ಏನು ಬೆಲೆ? ಹಿಂದೊಮ್ಮೆ ತಂಗಿಯ ಜಮೀನಿನ ತಕರಾರಿಗೆ ಮಿಲ್ಹೆಮ್ ಸಾಕ್ಷಿ ಹೇಳಲು ಹೋಗಿದ್ದ. ಖಾಜಿ ಅವನ ಕೆಲಸ ಏನೆಂದು ಕೇಳಿದ. ವೆಲ್ಡಿಂಗ್ ಅಂದ. ಕೆಲಸ ಬಿಟ್ಟ ಮೇಲೆ ಏನು ಮಾಡುತ್ತೀ ಅಂದದ್ದಕ್ಕೆ ಈ ಪುಣ್ಯಾತ್ಮ ನಿಜ ಹೇಳಿಬಿಟ್ಟ. ಖಾಜಿ ಪೆನ್ನು ಮುಚ್ಚಿ ಬಾಗಿಲು ತೋರಿಸಿದ. ತಂಗಿಯ ಜಮೀನು ಕೈಬಿಟ್ಟು ಹೋಯಿತು. ಆ ಮೇಲೆ ತಂಗಿ ಅವನ ಮನೆಗೆ ಬಂದದ್ದು ಅಮ್ಮ ಸತ್ತಾಗ ಒಂದೇ ಸಲ.

ಪಾರಿವಾಳದವರಲ್ಲಿ ಎರಡು ಬಗೆಯ ಒಪ್ಪಂದ. ಇಬ್ಬರ ನಡುವೆ ಶಾಂತಿ ಅಂತಾದರೆ ಹಿಡಿದ ಹಕ್ಕಿಯನ್ನು ಸಂಜೆಯೇ ವಾಪಸ್ಸು ಕೊಡಬೇಕು. ಯುದ್ಧ ಅಂತಾದರೆ ಹಿಡಿದವನದೇ ಹಕ್ಕಿ, ಮಾರಲಿ, ಕೊಯ್ದು ತಿನ್ನಲಿ. ಯುದ್ಧವನ್ನು ಸುಮ್ಮನೆ ಸಾರುವಂತಿಲ್ಲ, ಕಾಫಿ ಅಂಗಡಿಯಲ್ಲಿ ನಾಲ್ಕು ಜನರ ಎದುರಿಗೆ ಹೇಳಬೇಕು. ಎರಡು ಮನೆ ಆಚೆಯ ಟ್ಯಾಕ್ಸಿ ಡ್ರೈವರ್ ಕಾಮಿಲ್‌ಗೂ ಮಿಲ್ಹೆಮ್‌ಗೂ ಯುದ್ಧ ಶುರುವಾಗಿ ಹನ್ನೊಂದು ವರ್ಷ. ದೇಶದ ಯುದ್ಧಕ್ಕಿಂತ ಮೂರು ವರ್ಷ ಹಳೆಯದು ಎಂದು ಬೀದಿಯವರು ನಗುತ್ತಿದ್ದರು. ಕಾಮಿಲ್‌ನ ಒಂದು ಬಿಳಿ ಹೆಣ್ಣು ಹಕ್ಕಿ ಮಿಲ್ಹೆಮ್‌ನ ತಾರಸಿಗೆ ಇಳಿದಿತ್ತು. ಕಾಮಿಲ್ ಬಂದು ಕೇಳಿದಾಗ ಮಿಲ್ಹೆಮ್ ಅಮ್ಮನ ತಲೆಯ ಮೇಲೆ ಆಣೆ ಇಟ್ಟು ಇಲ್ಲ ಅಂದ. ಅಂದ ಮರುಕ್ಷಣ ಬುಟ್ಟಿಯ ಕೆಳಗಿಂದ ಅದು ಗುಟುರು ಹಾಕಿತು. ಅದಕ್ಕೂ ಮೊದಲು ಇಬ್ಬರೂ ಒಂದೇ ತಟ್ಟೆಯಲ್ಲಿ ತಿಂದವರು. ಕಾಮಿಲ್‌ನ ಮನೆಯ ಕಬ್ಬಿಣದ ಬಾಗಿಲನ್ನು ಮಿಲ್ಹೆಮ್ ತನ್ನ ಕೈಯಾರೆ ಬೆಸೆದು ಕೊಟ್ಟಿದ್ದ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮೂರು ವರ್ಷದ ಕೆಳಗೆ ಮಿಲ್ಹೆಮ್ ಒಬ್ಬರ ಕೈಯಲ್ಲಿ ಕಾಮಿಲ್‌ಗೆ ಹೇಳಿ ಕಳಿಸಿದ್ದ: ಗಿಡುಗ ಬಂದಿದೆ, ಇವತ್ತು ಹಾರಿಸಬೇಡ, ಯುದ್ಧ ಇದ್ದರೂ ಗಿಡುಗ ಇಬ್ಬರಿಗೂ ಶತ್ರು. ಕಾಮಿಲ್ ನಂಬಿ ತನ್ನ ಹಕ್ಕಿಗಳನ್ನು ತಾರಸಿಯ ಮೇಲೆ ಬಿಟ್ಟು ಕಾಳು ಹಾಕಿ ಕೂತ. ಮಿಲ್ಹೆಮ್ ಹಸಿದ ಹಿಂಡನ್ನು ಅದರ ಮೇಲೆಯೇ ಬಿಟ್ಟ. ಕಾಳಿಗೆ ಇಳಿದ ಹಿಂಡು ಮರಳುವಾಗ ಕಾಮಿಲ್‌ನ ಹಕ್ಕಿಗಳೂ ಜೊತೆಗೆ ಎದ್ದು ಬಂದು, ಒಂದೇ ಮಧ್ಯಾಹ್ನ ಐದು ಹಕ್ಕಿ ಮಿಲ್ಹೆಮ್‌ಗೆ ಸಿಕ್ಕವು. ಗಿಡುಗ ಬಂದೇ ಇರಲಿಲ್ಲ. ಬೀದಿಗೆ ಬೀದಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಿಲ್ಹೆಮ್ ಮೀಸೆ ತಿರುವಿಕೊಂಡು ಓಡಾಡಿದ.

ಅಮೆರಿಕದವರು ಬಂದದ್ದು ಕಳೆದ ವರ್ಷ. ಶಾಂತಿ ಕಾಯಲಿಕ್ಕೆ ಬಂದಿದ್ದೇವೆ ಅಂದರು, ವಿಮಾನ ನಿಲ್ದಾಣದ ಸುತ್ತ ಮರಳಿನ ಮೂಟೆ ಪೇರಿಸಿ ಕೂತರು. ಮೊದಮೊದಲು ಚೆನ್ನಾಗಿಯೇ ಇತ್ತು. ಗಸ್ತು ತಿರುಗುವವರು ಮಿಲ್ಹೆಮ್‌ನ ತಾರಸಿಗೂ ಬಂದು ಕಾಫಿ ಕುಡಿದಿದ್ದರು. ಕೆಂಪು ಕೂದಲಿನ ಒಬ್ಬ ತನ್ನ ಅಜ್ಜನೂ ಪಾರಿವಾಳ ಸಾಕುತ್ತಿದ್ದ ಎಂದು ಕೈಸನ್ನೆಯಲ್ಲಿ ಹೇಳಿ, ಹಕ್ಕಿಯ ಎದೆ ಸವರಿ, ಹಲ್ಲು ಕಿರಿದು ಹೋಗಿದ್ದ. ಆಮೇಲೆ ಬೆಟ್ಟದಲ್ಲಿ ಯುದ್ಧ ಹತ್ತಿಕೊಂಡಿತು. ನಮ್ಮದೇ ದೇಶದವರು ಒಬ್ಬರಿಗೊಬ್ಬರು ಫಿರಂಗಿ ಹಿಡಿದರು. ಕಾಯಲು ಬಂದವರು ಒಬ್ಬರ ಕಡೆ ಸೇರಿಕೊಂಡರು. ಸೆಪ್ಟೆಂಬರಿನಲ್ಲಿ ಸಮುದ್ರದಲ್ಲಿ ನಿಂತ ಅವರ ಹಡಗುಗಳು ನಮ್ಮ ತಲೆಯ ಮೇಲಿಂದ ಬೆಟ್ಟಕ್ಕೆ ಹೊಡೆಯತೊಡಗಿದವು. ಹೊಡೆದಾಗಲೆಲ್ಲ ಕಿಟಕಿ ಅದುರಿ ಸುಕೈನಾಳ ಉಪ್ಪಿನಕಾಯಿ ಬಾಟಲಿ ಕಪಾಟಿನಲ್ಲಿ ನಡೆದಾಡುತ್ತಿತ್ತು. ಒಬ್ಬರ ಕಡೆ ನಿಂತು ಹೊಡೆದ ಮೇಲೆ ಇನ್ನೊಬ್ಬರು ಮುತ್ತಿಕ್ಕುತ್ತಾರೆಯೇ? ಬೆಟ್ಟದಿಂದ ನಿಲ್ದಾಣಕ್ಕೆ ಷೆಲ್ ಬೀಳತೊಡಗಿತು, ನಮ್ಮ ಬೀದಿಗಳಿಂದಲೂ ಯಾರ್ಯಾರೋ ಗುಂಡು ಹಾರಿಸತೊಡಗಿದರು. ಮೂಟೆಗಳ ಹಿಂದಿನ ಕೋವಿಗಳು ನಮ್ಮ ಕಡೆ ತಿರುಗಿ ನಿಂತವು.

ಆ ಗುರುವಾರ ಮಧ್ಯಾಹ್ನ ಮುಖ್ತಾರ್ ಅಬು ರಾಮಿಜ್ ಶೆಡ್ಡಿಗೆ ಬಂದ. ಮುಖ್ತಾರ್ ಅಂದರೆ ಬಡಾವಣೆಯ ಹಿರಿಯ, ಹುಟ್ಟು ಸಾವಿಗೆ ಮೊಹರು ಒತ್ತುವವನು. ಮಂಡಿ ನೋವಿನ ಮುದುಕ, ಗೋಡೆ ಹಿಡಿದುಕೊಂಡು ಬಂದಿದ್ದ. ಬೆಳಿಗ್ಗೆ ನಿಲ್ದಾಣದ ಗೇಟಿಗೆ ಕರೆಸಿಕೊಂಡಿದ್ದರಂತೆ. ದುಭಾಷಿಯ ಮೂಲಕ ಒಬ್ಬ ಅಧಿಕಾರಿ ಹೇಳಿದ್ದು ಇಷ್ಟು: ಆ ಸಾಲಿನ ತಾರಸಿಗಳಲ್ಲಿ ಸಂಜೆ ನಾಲ್ಕಕ್ಕೆ ಯಾರೋ ಕಪ್ಪು ಬಾವುಟ ಬೀಸುತ್ತಾರೆ, ಬೀಸಿದ ಸ್ವಲ್ಪ ಹೊತ್ತಿಗೆ ನಮ್ಮ ಮೇಲೆ ಷೆಲ್ ಬೀಳುತ್ತದೆ. ಬೆಟ್ಟದವರಿಗೆ ಗುರಿ ತೋರಿಸುವವನು ಅವನೇ. ಇವತ್ತಿನಿಂದ ಬಾವುಟ ಕಂಡರೆ ಹೊಡೆಯುತ್ತೇವೆ.

ಮಿಲ್ಹೆಮ್ ವೆಲ್ಡಿಂಗ್ ಕನ್ನಡಕ ತೆಗೆದು ನೆಲಕ್ಕೆ ಕುಕ್ಕಿದ. ಅದು ಬಾವುಟ ಅಲ್ಲ, ಹಕ್ಕಿ ಅಟ್ಟುವ ಕೋಲು, ಕೋಲಿನ ತುದಿಗೆ ಹರಿದ ಬಟ್ಟೆ. ಒಂದು ವರ್ಷದಿಂದ ದುರ್ಬೀನು ಹಾಕಿಕೊಂಡು ನೋಡುತ್ತಿರುವವರಿಗೆ ಇಷ್ಟು ತಿಳಿಯಲಿಲ್ಲವೇ ಎಂದು ಕೂಗಾಡಿದ. ನಾಲ್ಕು ಗಂಟೆಗೆ ಬಿಸಿಲು ತಗ್ಗುತ್ತದೆ, ಹಕ್ಕಿ ಹಾರುತ್ತದೆ. ಫಿರಂಗಿಯೂ ಅದೇ ಹೊತ್ತಿಗೆ ಯಾಕೆ ಹಾರುತ್ತದೆಂದು ಫಿರಂಗಿಯವನನ್ನು ಕೇಳಲಿ. ಕೆಂಪು ಕೂದಲಿನವನನ್ನು ಕರೆಸಿ, ಅವನಿಗೆ ಎಲ್ಲ ಗೊತ್ತು ಅಂದ.

ಕಾಫಿ ಕುಡಿದವರೆಲ್ಲ ಊರಿಗೆ ಹೋದರು, ಇವರು ಹೊಸಬರು, ತಿಂಗಳಿಂದ ಗುಂಡಿಯಲ್ಲಿ ಕೂತಿದ್ದಾರೆ, ಜೊತೆಯವರ ಹೆಣ ಹೊತ್ತಿದ್ದಾರೆ, ಇವರಿಗೆ ಯಾವ ಅಜ್ಜನೂ ಇಲ್ಲ ಎಂದ ಮುಖ್ತಾರ್. ಗೇಟಿನಲ್ಲಿ ನಾನು ಹೇಳಿದೆ ಪಾರಿವಾಳ ಅಂತ, ದುಭಾಷಿ ಅದನ್ನು ಹೇಳಿದನೋ ನುಂಗಿದನೋ ಗೊತ್ತಿಲ್ಲ ಎಂದೂ ಸೇರಿಸಿದ. ಆಮೇಲೆ ಮುಖ್ಯವಾದ ಮಾತಿಗೆ ಬಂದ.

"ಕಾಮಿಲ್ ಮನೇಲಿಲ್ಲ. ಟ್ಯಾಕ್ಸಿ ತಗೊಂಡು ಹೋಗಿದಾನೆ. ಬಂದ ಕೂಡ್ಲೆ ನೀನೇ ಹೇಳ್ಬೇಕು."

"ನಾನಾ? ಅವನ ಜೊತೆ ನಂಗೆ ಮಾತಿಲ್ಲ."

"ಗೊತ್ತಯ್ಯಾ. ಇವತ್ತು ಮಾತಾಡು, ನಾಳೆಯಿಂದ ಮತ್ತೆ ಬಿಡು."

ಇನ್ನೂ ನಾಲ್ಕು ಬೀದಿಗೆ ತಿರುಗಬೇಕೆಂದು ಮುದುಕ ಗೋಡೆ ಹಿಡಿದು ಹೊರಟುಹೋದ. ಸ್ವಲ್ಪ ಹೊತ್ತಿಗೆ ಚರ್ಚಿನ ಕಡೆಯ ರಸ್ತೆಗೆ ಗುಂಡು ಬೀಳತೊಡಗಿ ಆ ದಾರಿ ಮುಚ್ಚಿತು. ಮುಖ್ತಾರ್ ಆ ಕಡೆ ಸಿಕ್ಕಿಕೊಂಡ. ಈ ಸಾಲಿನಲ್ಲಿ ಸುದ್ದಿ ಗೊತ್ತಿದ್ದವನು ಮಿಲ್ಹೆಮ್ ಒಬ್ಬನೇ.

ಮೊದಲು ಅವನು ಹೆಂಡತಿಯರ ದಾರಿ ಹಿಡಿದ. ಕಾಮಿಲ್‌ನ ಹೆಂಡತಿಗೆ ಹೇಳಿ ಬಾ ಎಂದು ಸುಕೈನಾಳನ್ನು ಕಳಿಸಿದ. ಆಕೆ ಮೂರು ದಿನದ ಹಿಂದೆಯೇ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋಗಿದ್ದಾಳೆಂದು ಗೊತ್ತಾಯಿತು. ಕಬ್ಬಿಣದ ಬಾಗಿಲಿಗೆ ಬೀಗ. ಮಿಲ್ಹೆಮ್ ಶೆಡ್ಡಿನ ಮುಂದೆ ಕುರ್ಚಿ ಹಾಕಿಕೊಂಡು ಬೀದಿಯ ತಿರುವನ್ನೇ ನೋಡುತ್ತ ಕೂತ. ಸಿಗರೇಟಿನ ಮೇಲೆ ಸಿಗರೇಟು. ಏನೆಂದು ಶುರು ಮಾಡುವುದು? ಹನ್ನೊಂದು ವರ್ಷದಲ್ಲಿ ಅವರಿಬ್ಬರೂ ಆಡಿದ್ದೆಲ್ಲ ಸಾವಿನ ಮನೆಯ ಮಾತು, 'ದೇವರು ನಿನ್ನ ಆಯಸ್ಸು ಉದ್ದ ಮಾಡಲಿ' ಅಷ್ಟೇ. ಹಾಗೆಂದೇ ಶುರು ಮಾಡಿದರೆ ಹೇಗೆ ಎಂದು ಅವನಿಗೆ ಒಂದು ಕ್ಷಣ ನಗುವೂ ಬಂತು.

ಮೂರೂವರೆಯಾದರೂ ಟ್ಯಾಕ್ಸಿ ಬರಲಿಲ್ಲ. ಎಲ್ಲೋ ರಸ್ತೆ ಮುಚ್ಚಿದೆ, ಇವತ್ತು ಬರಲಾರ ಎಂದು ಮಿಲ್ಹೆಮ್‌ನ ಎದೆ ಹಗುರಾಯಿತು. ಒಳಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡ. ಸುಕೈನಾ ಹುರುಳಿ ಬೇಯಿಸಿಟ್ಟಿದ್ದಳು, ಎರಡು ತುತ್ತು ತಿಂದ. ಮೂರನೆಯ ತುತ್ತು ಬಾಯಲ್ಲಿರುವಾಗ ಶಿಳ್ಳೆ ಕೇಳಿಸಿತು.

ಎರಡು ಬೆರಳು ನಾಲಗೆಯ ಕೆಳಗಿಟ್ಟು ಹಾಕುವ ಉದ್ದನೆಯ ಶಿಳ್ಳೆ. ಹಾಗೆ ಹಾಕುವವನು ಆ ಸಾಲಿನಲ್ಲಿ ಒಬ್ಬನೇ. ಟ್ಯಾಕ್ಸಿಯನ್ನು ಹಿಂದಿನ ಬೀದಿಯಲ್ಲಿ ಬಿಟ್ಟು, ಹಿತ್ತಲಿನಿಂದ ಬಂದು, ಮುಂಬಾಗಿಲಿಗೆ ಹಾಕಿದ್ದ ಬೀಗ ಹಾಗೇ ಬಿಟ್ಟು ಕಾಮಿಲ್ ನೇರ ತಾರಸಿಗೆ ಏರಿದ್ದ. ಷೆಲ್ಲಿನ ದೆಸೆಯಿಂದ ಮೂರು ದಿನ ಹಾರಿಸಿರಲಿಲ್ಲ, ಕೈ ತುರಿಸುತ್ತಿತ್ತು.

ಮಿಲ್ಹೆಮ್ ಬರಿಗಾಲಲ್ಲಿ ಬೀದಿಗೆ ಓಡಿದ. ನಲವತ್ತು ಹಕ್ಕಿ ಆಗಲೇ ಮೇಲೆ ಸುತ್ತುತ್ತಿದ್ದವು. ತಾರಸಿಯ ಅಂಚಿನ ಮೇಲೆ ಕಪ್ಪು ಬಟ್ಟೆ ಬಲಕ್ಕೊಮ್ಮೆ ಎಡಕ್ಕೊಮ್ಮೆ ಆಡುತ್ತಿತ್ತು.

"ಕಾಮಿಲ್, ಕೋಲು ಕೆಳಗಿಡು. ಅಮೆರಿಕದವರು ಹೊಡೀತಾರೆ."

ಅಂಚಿನಿಂದ ಕಾಮಿಲ್‌ನ ತಲೆ ಇಣುಕಿತು. ಹನ್ನೊಂದು ವರ್ಷದ ಮೇಲೆ ಈ ಬಾಯಲ್ಲಿ ತನ್ನ ಹೆಸರು ಕೇಳಿ ಅವನಿಗೂ ಆಶ್ಚರ್ಯವಾಗಿರಬೇಕು. ಆಮೇಲೆ ಹಲ್ಲು ಕಂಡಿತು.

"ಓಹೋ. ಆವತ್ತು ಗಿಡುಗ, ಇವತ್ತು ಅಮೆರಿಕ."

"ಮುಖ್ತಾರ್ ಬಂದು ಹೇಳಿ ಹೋದ ಕಣೋ. ಅದನ್ನ ಬಾವುಟ ಅಂದ್ಕೊಂಡಿದಾರೆ."

"ನನ್ನ ಕೋಲಿನ ಸುದ್ದಿ ಮುಖ್ತಾರ್ ನಿಂಗೆ ಹೇಳಿದ್ನಾ? ನಿನ್ನ ಹಕ್ಕಿ ಗೂಡಲ್ಲೇ ಅವೆ, ಕಾಳು ಹಾಕಿಲ್ಲ, ಕೂಗ್ತಾ ಅವೆ, ನಂಗೆ ಕೇಳಿಸ್ತದೆ. ನಾನು ಇಳಿಸಿದ ಮೇಲೆ ಬಿಡೋಣ ಅಂತ ತಾನೆ?"

"ಸುಕೈನಾ ಮೇಲೆ ಆಣೆ."

"ಅಮ್ಮನ್ನ ಮುಗಿಸಿ ಈಗ ಹೆಂಡತಿ ತಲೆಗೆ ಬಂದ್ಯಾ? ಹೋಗೋ, ಹೋಗಿ ಊಟ ಮಾಡು, ಮೂತಿಗೆ ಹುರುಳಿ ಮೆತ್ಕೊಂಡಿದೆ."

ತಲೆ ಮಾಯವಾಯಿತು. ಶಿಳ್ಳೆ ಮತ್ತೆ ಎದ್ದಿತು. ಆಚೆ ಮನೆಯ ಕಿಟಕಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಮಿಲ್ಹೆಮ್ ಬಾಗಿಲಿಗೆ ಭುಜ ಕೊಟ್ಟು ಗುದ್ದಿದ. ಒಮ್ಮೆ, ಎರಡು ಸಲ. ಬೀಗ ಹಾಕಿದ್ದ ಕಬ್ಬಿಣದ ಪಟ್ಟಿ ಅಲುಗಲಿಲ್ಲ. ಆ ಪಟ್ಟಿಯನ್ನು ಬೆಸೆದವನು ಅವನೇ, ಗೆಳೆಯನ ಮನೆಯೆಂದು ಎರಡು ಸುತ್ತು ಹೆಚ್ಚಾಗಿ ಬೆಸೆದಿದ್ದ. ಅದು ಮುರಿಯುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಹಿತ್ತಲಿಗೆ ಹೋಗಬೇಕೆಂದರೆ ಇಡೀ ಸಾಲು ಬಳಸಬೇಕು, ನಿಲ್ದಾಣದ ಎದುರಿನ ಬಯಲಿಗೇ ಇಳಿಯಬೇಕು. ಅಷ್ಟು ಹೊತ್ತು ಇಲ್ಲ.

ಸತ್ತರೆ ಸಾಯಲಿ ಎಂದು ಒಂದು ಸಲ ಅಂದುಕೊಂಡ. ಹೇಳಬೇಕಾದ್ದನ್ನು ಹೇಳಿಯಾಯಿತು, ಬೀದಿಗೆ ಬೀದಿಯೇ ಕೇಳಿದೆ, ಯಾರೂ ನನ್ನ ಕಡೆ ಬೆರಳು ತೋರಿಸುವಂತಿಲ್ಲ. ಹಾಗಂದುಕೊಂಡು ನಾಲ್ಕು ಹೆಜ್ಜೆ ಮನೆಯ ಕಡೆ ಇಟ್ಟವನ ಕಾಲು ಮೆಟ್ಟಿಲಿನ ಬುಡದಲ್ಲಿ ನಿಂತಿತು. ಬಂದಿರದ ಗಿಡುಗವೊಂದನ್ನು ಆ ಮನುಷ್ಯನಿಗೆ ತೋರಿಸಿ ಬೀದಿಯನ್ನು ನಗಿಸಿದವನು ತಾನಲ್ಲದೆ ಇನ್ಯಾರು. ಆವತ್ತು ಐದು ಹಕ್ಕಿಗೆ ಮಾರಿದ ಮಾತು ಇವತ್ತು ಕೈಯಲ್ಲಿ ಉಳಿದಿರಲಿಲ್ಲ.

ಸುಕೈನಾ ಅಂಗಿಯ ಹಿಂಭಾಗ ಹಿಡಿದು ಎಳೆದಳು. ಮೇಲೆ ಹೋದರೆ ನಿನ್ನನ್ನೂ ಹೊಡೆಯುತ್ತಾರೆ ಅಂದಳು. ಅಂಗಿಯನ್ನು ಅವಳ ಕೈಯಲ್ಲೇ ಬಿಟ್ಟು ಬನಿಯನ್ನಿನಲ್ಲೇ ಮೆಟ್ಟಿಲು ಹತ್ತಿದ.

ತಾರಸಿಯಿಂದ ಎಲ್ಲ ಕಾಣುತ್ತಿತ್ತು. ಬಯಲಿನ ಆಚೆ, ಮುನ್ನೂರು ಹೆಜ್ಜೆ ದೂರದಲ್ಲಿ ಮರಳಿನ ಮೂಟೆಗಳ ಗೋಡೆ, ಗೋಡೆಯಲ್ಲಿ ಕಿಂಡಿ. ಕಿಂಡಿಯೊಳಗೆ ಏನೋ ಒಮ್ಮೆ ಫಳ್ಳೆಂದು ಹೊಳೆದು ಆರಿತು. ದುರ್ಬೀನು. ಅದರ ಪಕ್ಕದ ಕೋವಿಯ ಕೊಳವೆ ಮೆಲ್ಲಗೆ ತಿರುಗಿ ಕಾಮಿಲ್‌ನ ತಾರಸಿಗೆ ನೇರವಾಗಿ ನಿಂತಿತು. ಬಗ್ಗಿದರೆ ಕೋವಿ ಹಿಡಿದವನೆಂದುಕೊಳ್ಳುತ್ತಾರೆ ಎಂದು ಮಿಲ್ಹೆಮ್ ನೆಟ್ಟಗೆ ನಿಂತೇ ನಡೆದ. ಬೆನ್ನಿನಲ್ಲಿ ಬೆವರು ಇರುವೆಯಂತೆ ಇಳಿಯಿತು. ತನ್ನ ಕೋಲು ಗೂಡಿಗೆ ಒರಗಿತ್ತು, ಅದನ್ನು ಮುಟ್ಟಲಿಲ್ಲ.

ಗೂಡಿನ ಬಾಗಿಲು ತೆರೆದದ್ದು ಕಂಡು ಕಾಮಿಲ್ ಎರಡು ತಾರಸಿ ಆಚೆಯಿಂದ ಕೇಕೆ ಹಾಕಿದ. "ನೋಡ್ದಾ? ಬಿಡ್ತಾನೆ ಅಂದಿರ್ಲಿಲ್ವಾ ನಾನು?" ಯಾರಿಗೆ ಹೇಳಿದನೋ, ಆಕಾಶಕ್ಕೆ ಹೇಳಿದಂತಿತ್ತು. ಕೋಲನ್ನು ಇನ್ನೂ ಎತ್ತರಕ್ಕೆ ಬೀಸಿದ.

ಮಿಲ್ಹೆಮ್ ಒಳಗೆ ಕೈ ಹಾಕಿ ಹಿಂಡಿನ ಮುಂದಾಳು ಹಕ್ಕಿಯನ್ನು ತೆಗೆದ. ತುಕ್ಕಿನ ಬಣ್ಣದ ಗಂಡು, ಹಲಬ್ ಊರಿನ ತಳಿ. ಅದನ್ನು ಮದುವೆಯ ಮೆರವಣಿಗೆಯಲ್ಲಿ ಮದುಮಗನನ್ನು ತೋರಿಸುವಂತೆ ಬೀದಿಗೆಲ್ಲ ತೋರಿಸಿದವನು ಅವನು. ಕಾಮಿಲ್‌ಗೆ ಕಾಣುವ ಹಾಗೆ ಎದೆಯ ಮಟ್ಟಕ್ಕೆ ಹಿಡಿದು, ಬಲ ರೆಕ್ಕೆಯನ್ನು ಬೀಸಣಿಗೆಯಂತೆ ಬಿಡಿಸಿ, ತುದಿಯ ದೊಡ್ಡ ಗರಿಯನ್ನು ಬುಡಸಮೇತ ಕಿತ್ತ. ಇನ್ನೊಂದು. ಮತ್ತೊಂದು. ಹಕ್ಕಿ ಅವನ ಮುಂಗೈಯನ್ನು ಕುಟುಕಿತು. ಹತ್ತು ಗರಿ ಕಿತ್ತು ಕೆಳಗೆ ಬಿಟ್ಟ. ಅದು ಹಾರಲು ನೋಡಿ, ಒಂದು ಮಗ್ಗುಲಿಗೆ ವಾಲಿ, ತಾರಸಿಯ ಮೇಲೆ ಗಿರಕಿ ಹೊಡೆದು ಬಿತ್ತು.

ಎರಡನೆಯದನ್ನು ತೆಗೆದ. ಕಾಮಿಲ್‌ನ ಶಿಳ್ಳೆ ನಡುವೆಯೇ ನಿಂತಿತು. ಕೋಲು ಇನ್ನೂ ಮೇಲೇ ಇತ್ತು.

ಮಿಲ್ಹೆಮ್ ಕಿಂಡಿಯ ಕಡೆ ನೋಡಲಿಲ್ಲ. ಮೂರು. ನಾಲ್ಕು. ಗರಿಗಳು ಗಾಳಿಗೆ ತಾರಸಿಯಿಂದ ಬೀದಿಗೆ ಇಳಿಯುತ್ತಿದ್ದವು. ಕಿಟಕಿಯಲ್ಲಿ ನಕ್ಕವರು ಈಗ ಕತ್ತು ಚಾಚಿ ನೋಡುತ್ತಿದ್ದರು. ಐದನೆಯ ಹಕ್ಕಿಯದನ್ನು ಅವಸರದಲ್ಲಿ ಎಳೆದದ್ದಕ್ಕೆ ಗರಿಯ ಜೊತೆ ಚರ್ಮವೂ ಬಂತು, ರಕ್ತ ಚಿಮ್ಮಿತು. ಅವನ ಬಾಯಿಂದ ಯಾರನ್ನೋ ಬೈದ ಮಾತು ಬಂತು. ಅಮೆರಿಕದವರನ್ನೋ, ಕಾಮಿಲ್‌ನನ್ನೋ, ತನ್ನನ್ನೋ. ಆರನೆಯದನ್ನು ಹಿಡಿದ.

ಪಾರಿವಾಳದವನು ಸುಳ್ಳು ಹೇಳುತ್ತಾನೆ, ಹೆಂಡತಿಯ ಮೇಲೆ ಆಣೆ ಇಡುತ್ತಾನೆ, ಸತ್ತ ಅಪ್ಪನ ಮೇಲೂ ಇಡುತ್ತಾನೆ. ಆದರೆ ಎದುರಾಳಿಯ ಹಿಂಡು ಆಕಾಶದಲ್ಲಿರುವಾಗ ತನ್ನ ಹಕ್ಕಿಯ ರೆಕ್ಕೆ ತಾನೇ ಕೀಳುವುದಿಲ್ಲ. ಹಾಗೆ ಮಾಡಿದವನನ್ನು ಈ ಇಪ್ಪತ್ತು ವರ್ಷದಲ್ಲಿ ಕಾಮಿಲ್ ಕಂಡಿರಲಿಲ್ಲ, ಯಾರೂ ಕಂಡಿರಲಿಲ್ಲ.

ಕೋಲು ಇಳಿಯಿತು. ಮೊದಲು ಅರ್ಧಕ್ಕೆ, ಆಮೇಲೆ ಪೂರ್ತಿ. ಕಾಮಿಲ್ ಅದನ್ನು ನೆಲದ ಮೇಲಿಟ್ಟು, ಎರಡೂ ಖಾಲಿ ಕೈಯನ್ನು ಬದಿಗೆ ಚಾಚಿ, ಹಿಂದೆ ಹಿಂದೆ ಸರಿದು ಮೆಟ್ಟಿಲಿನ ಕೋಣೆಯೊಳಗೆ ಮರೆಯಾದ. ಮಿಲ್ಹೆಮ್ ಕೈಯಲ್ಲಿದ್ದ ಹಕ್ಕಿಯನ್ನು ಎದೆಗೊತ್ತಿಕೊಂಡು ಹಾಗೇ ನಿಂತ. ಕೊಳವೆ ಇನ್ನೂ ಅದೇ ತಾರಸಿಯ ಕಡೆಗಿತ್ತು. ಅವನು ಮನಸ್ಸಿನಲ್ಲೇ ನೂರರ ತನಕ ಎಣಿಸಿದ. ಆಮೇಲೆ ಅದು ಬೇಸರ ಬಂದವರಂತೆ ಬೇರೆ ಕಡೆ ತಿರುಗಿತು.

ಗುಂಡು ಹಾರಲಿಲ್ಲ. ಕಾಮಿಲ್‌ನ ಹಕ್ಕಿಗಳು ಕೋಲಿಲ್ಲದೆ ಇನ್ನೊಂದಿಷ್ಟು ಸುತ್ತಿ, ತಾವಾಗಿಯೇ ಗೂಡಿಗೆ ಇಳಿದವು. ನಾಲ್ಕೂಕಾಲರ ಹೊತ್ತಿಗೆ ಬೆಟ್ಟದಿಂದ ಷೆಲ್ ಎಂದಿನಂತೆ ಬಿದ್ದವು. ಯಾರೂ ಏನೂ ಬೀಸದೆಯೇ ಬಿದ್ದವು. ಅದನ್ನು ಮೂಟೆಗಳ ಹಿಂದಿನವರು ಗಮನಿಸಿದರೋ ಇಲ್ಲವೋ, ನಮಗೆ ಬಂದು ಯಾರೂ ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಬ್ರೆಡ್ಡಿನ ಸಾಲಿನಲ್ಲಿ ಕಾಮಿಲ್ ಎಲ್ಲರಿಗೂ ಇದನ್ನೇ ಹೇಳಿಕೊಂಡು ನಗುತ್ತಿದ್ದ. ಮಿಲ್ಹೆಮ್‌ಗೆ ಷೆಲ್ಲಿನ ಸದ್ದಿಗೆ ತಲೆ ಕೆಟ್ಟಿದೆ, ತನ್ನ ಹಕ್ಕಿಯನ್ನೇ ಬೋಳಿಸಿ ಕೂತ, ಹುಚ್ಚನ ಎದುರಿಗೆ ಆಡುವುದು ಬೇಡ ಎಂದು ನಾನೇ ಕೋಲು ಇಟ್ಟೆ ಅಂದ. ಜನರೂ ನಕ್ಕರು. ಎಷ್ಟೋ ದಿನದ ಮೇಲೆ ನಗಲು ಏನೋ ಸಿಕ್ಕಿತ್ತು. ಅಷ್ಟರಲ್ಲಿ ರಾತ್ರಿಯೆಲ್ಲ ಆಚೆ ಸಿಕ್ಕಿಕೊಂಡಿದ್ದ ಮುಖ್ತಾರ್ ಗೋಡೆ ಹಿಡಿದುಕೊಂಡು ಬಂದ. ಕಾಮಿಲ್‌ನನ್ನು ಕಂಡವನೇ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತು, ಬದುಕಿದ್ದೀಯಾ ಎಂದು ಕೇಳಿದ. ಆಮೇಲೆ ಗೇಟಿನ ಹತ್ತಿರ ನಡೆದದ್ದನ್ನೆಲ್ಲ ಹೇಳಿದ. ಸಾಲಿನಲ್ಲಿ ಯಾರೂ ನಗಲಿಲ್ಲ. ಕಾಮಿಲ್ ತನ್ನ ಸರದಿ ಬಿಟ್ಟು ಬ್ರೆಡ್ಡಿಲ್ಲದೆ ಹೊರಟುಹೋದ.

ಮಧ್ಯಾಹ್ನ ಶೆಡ್ಡಿನ ಬಾಗಿಲಿಗೆ ಯಾರದೋ ನೆರಳು ಬಿತ್ತು. ಮಿಲ್ಹೆಮ್ ಬಸ್ಸಿನ ಪಕ್ಕೆಗೆ ತಗಡು ಹಚ್ಚುತ್ತಿದ್ದ, ತಲೆ ಎತ್ತಲಿಲ್ಲ. ಮುಂಗೈಗೆ ಬಟ್ಟೆ ಸುತ್ತಿಕೊಂಡಿದ್ದ. ನೆರಳು ಒಳಗೂ ಬರಲಿಲ್ಲ, ಹೋಗಲೂ ಇಲ್ಲ. ಕೊನೆಗೆ ಮಿಲ್ಹೆಮ್ ಬೆಂಕಿ ಆರಿಸಿದ.

"ಎಷ್ಟು?" ಎಂದ ಕಾಮಿಲ್.

"ಆರು. ಆರನೇದರದ್ದು ಅರ್ಧ."

"ಆ ತುಕ್ಕು ಬಣ್ಣದ್ದೂ?"

"ಮೊದಲು ಅದೇ."

ಕಾಮಿಲ್ ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದ. ಕ್ಷಮಿಸು ಎನ್ನುವುದು ಅವನ ಬಾಯಲ್ಲಿ ಬರುವಂಥದ್ದಲ್ಲ, ಬಂದಿದ್ದರೂ ಮಿಲ್ಹೆಮ್ ಸುತ್ತಿಗೆ ತೆಗೆದುಕೊಂಡು ಅಟ್ಟುತ್ತಿದ್ದ. ಬಸ್ಸಿನ ಕಡೆ ನೋಡುತ್ತ ಕೇಳಿದ.

"ಗರಿ ಬರೋಕೆ ಎಷ್ಟು ದಿನ ಹಿಡಿಯುತ್ತೆ?"

"ಬುಡಸಮೇತ ಕಿತ್ತಿದೀನಿ. ನಲವತ್ತು. ಆ ಐದನೇದಕ್ಕೆ ಬರುತ್ತೋ ಇಲ್ವೋ."

"ಹಂಗಾದ್ರೆ ನಲವತ್ತು ದಿನ ನಾನೂ ಹಾರ್ಸಲ್ಲ," ಎಂದ ಕಾಮಿಲ್. "ಅಮೆರಿಕದವರಿಗೆ ಹೆದರಿ ಅಲ್ಲ ಮತ್ತೆ. ಮುಂದಾಳು ಇಲ್ಲದ ಹಿಂಡಿನ ಮೇಲೆ ನಾನು ಯುದ್ಧ ಮಾಡೋನಲ್ಲ."

"ಆಮೇಲೆ?"

"ಆಮೇಲೆ ಯುದ್ಧ. ಗಿಡುಗ ಅಂತ ಹೇಳಿ ಹಿಡಿದ್ಯಲ್ಲ, ಆ ಐದು ಹಕ್ಕಿ ಬಡ್ಡಿ ಸಮೇತ ಹಿಡೀತೀನಿ."

"ಹಿಡಿ ನೋಡೋಣ," ಎಂದ ಮಿಲ್ಹೆಮ್. ಕನ್ನಡಕ ಇಳಿಸಿಕೊಂಡು, ಬೆಂಕಿ ಹೊತ್ತಿಸಿ, ತಗಡಿನ ಕಡೆ ಬಾಗಿದ. ಸ್ವಲ್ಪ ಹೊತ್ತಾದ ಮೇಲೆ ತಿರುಗಿ ನೋಡಿದರೆ ಕಾಮಿಲ್ ಹೋಗಿರಲಿಲ್ಲ, ಒಳಗೆ ಬಂದು ತಗಡಿನ ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು, ಕಿಡಿಗೆ ಕಣ್ಣು ಮುಚ್ಚಿ ನಿಂತಿದ್ದ.